ನಗದ ಮುಖ

ಅಮೆರಿಕದ ಮೂಕಿಚಿತ್ರಗಳ ಕಾಲದಲ್ಲಿ ಚಾರ್ಲಿ ಚಾಪ್ಲಿನ್ ನಗಿಸುತ್ತಲೇ ನೋಡುಗರ ಕಣ್ಣು ಒದ್ದೆ ಮಾಡಿದರೆ, ಅವರ ಸಮಕಾಲೀನರಾದ ಬಸ್ಟರ್ ಕೀಟನ್ (1895–1966) ಎಂಥ ವಿಪತ್ತಿನಲ್ಲೂ ನಗದ, ಅಳದ ಮುಖವೊಂದನ್ನು ತೆರೆಗೆ ಕೊಟ್ಟರು. ಈ ನಿರ್ವಿಕಾರವನ್ನು ಅವರು ಕಲಿತದ್ದು ವಾಡೆವಿಲ್‌ನಲ್ಲಿ, ಅಂದರೆ ಹಾಡು, ಕುಣಿತ, ಕಸರತ್ತು, ಪ್ರಹಸನಗಳನ್ನು ಒಂದರ ಹಿಂದೊಂದು ತೋರಿಸುತ್ತಿದ್ದ ರಂಗಪ್ರದರ್ಶನಗಳಲ್ಲಿ. ತಂದೆ ರಂಗದ ಮೇಲೆ ಎತ್ತಿ ಎಸೆಯಲು ಅನುಕೂಲವಾಗಲೆಂದು ಬಾಲಕನ ಉಡುಪಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿಯನ್ನು ಹೊಲಿದಿರುತ್ತಿತ್ತು. ಬಿದ್ದೆದ್ದ ತಾನೇ ನಕ್ಕರೆ ಸಭೆ ಅಷ್ಟಾಗಿ ನಗುವುದಿಲ್ಲವೆಂಬುದನ್ನು ಆ ಹುಡುಗ ಬೇಗನೆ ಕಂಡುಕೊಂಡ.

1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕ ಮನೆಯ ಮುಂಗೋಡೆ ಇಡಿಯಾಗಿ ನಾಯಕನ ಮೇಲೆ ಕವಿದುಬೀಳುತ್ತದೆ, ಮಾಳಿಗೆಯ ತೆರೆದ ಕಿಟಕಿ ಸರಿಯಾಗಿ ಅವನು ನಿಂತಲ್ಲಿಗೇ ಇಳಿಯುವುದರಿಂದ ಅವನು ಬದುಕುತ್ತಾನೆ. ಇದರಲ್ಲಿ ಕ್ಯಾಮೆರಾದ ಕಣ್ಕಟ್ಟು ಇರಲಿಲ್ಲ. ಗೋಡೆಯ ತೂಕ ಸುಮಾರು ಎರಡು ಟನ್ ಎನ್ನಲಾಗುತ್ತದೆ, ಕೀಟನ್‌ರ ಮೈಸುತ್ತ ಉಳಿದ ತೆರಪು ಕೆಲವೇ ಅಂಗುಲ. ಪಾರಾದವನು ಮುಗಿಲಿಗೆ ಕೈಮುಗಿಯುವುದಿಲ್ಲ, ಎದೆ ಹಿಡಿದು ಕುಸಿಯುವುದೂ ಇಲ್ಲ. ಬಿದ್ದ ಗೋಡೆಯನ್ನು ಒಮ್ಮೆ ನೋಡಿ ಅಲ್ಲಿಂದ ಓಡುತ್ತಾನೆ.

ಸಾಹಸಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು 1926ರ ‘ದಿ ಜನರಲ್’ ಚಿತ್ರದ ಒಂದು ಗಳಿಗೆ. ಸೇನೆಗೆ ಬೇಡವಾಗಿ, ಮೆಚ್ಚಿದವಳಿಂದಲೂ ತಿರಸ್ಕೃತನಾದ ರೈಲು ಚಾಲಕ ಎಂಜಿನ್ನಿನ ಗಾಲಿಗಳನ್ನು ಜೋಡಿಸುವ ಉಕ್ಕಿನ ತೋಳಿನ ಮೇಲೆ ಕುಳಿತಿರುತ್ತಾನೆ. ಎಂಜಿನ್ ಹೊರಟು ಅವನನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತಿದ್ದರೂ ಕೆಲಹೊತ್ತು ಅವನಿಗೆ ಅದರ ಅರಿವೇ ಇರುವುದಿಲ್ಲ. ಚಾಪ್ಲಿನ್‌ರ ಅಲೆಮಾರಿ ಇಂಥ ಕಡೆ ನೋಡುಗರ ಕಡೆಗೆ ಕಣ್ಣೆತ್ತುತ್ತಿದ್ದನೇನೋ. ಕೀಟನ್‌ರ ಚಾಲಕ ಮರುಕವನ್ನು ಕೇಳುವುದಿಲ್ಲ, ಆದ್ದರಿಂದ ಅದನ್ನು ಕೊಡಬೇಕೋ ಬೇಡವೋ ಎಂಬ ತೀರ್ಮಾನ ನೋಡುಗರಿಗೇ ಉಳಿಯುತ್ತದೆ. ತನ್ನ ನೋವನ್ನು ಇನ್ನೊಬ್ಬರ ಮೇಲಿನ ಹಕ್ಕಾಗಿ ಮಾಡಿಕೊಳ್ಳದ ಈ ಸಂಕೋಚವೇ ಆ ಹಾಸ್ಯದ ನೈತಿಕ ತಿರುಳು.

ಬಿಡುಗಡೆಯಾದಾಗ ಆ ಚಿತ್ರ ಹೆಚ್ಚಿನವರಿಗೆ ಹಿಡಿಸಲಿಲ್ಲ, 1928ರಲ್ಲಿ ದೊಡ್ಡ ಸ್ಟುಡಿಯೊ ಒಂದಕ್ಕೆ ಸೇರಿದ ಕೀಟನ್ ತಮ್ಮ ಕೆಲಸದ ಮೇಲಿನ ಹಿಡಿತವನ್ನೂ ಕಳೆದುಕೊಂಡರು. ಅದೇ ‘ದಿ ಜನರಲ್’ 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಮೊದಲ ಪಟ್ಟಿಯಲ್ಲೇ ಸ್ಥಾನ ಪಡೆಯಿತು. ಹಾಂಗ್‌ಕಾಂಗ್‌ನ ಜಾಕಿ ಚಾನ್ 1987ರ ‘ಪ್ರಾಜೆಕ್ಟ್ ಎ’ಯ ಎರಡನೆಯ ಭಾಗದಲ್ಲಿ ಆ ಬೀಳುವ ಗೋಡೆಯನ್ನು ಗೌರವದಿಂದ ಮರಳಿ ತಂದರು. ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ಅದಕ್ಕೂ ಮೊದಲೇ, ವೃದ್ಧ ಕೀಟನ್‌ರಿಗಾಗಿ ಬೇರೊಂದು ದಾರಿ ಹಿಡಿದಿದ್ದರು: ಅವರು ಬರೆದ 1965ರ ‘ಫಿಲ್ಮ್’ ಎಂಬ ಕಿರುಚಿತ್ರದಲ್ಲಿ ಲೋಕಪ್ರಸಿದ್ಧವಾದ ಆ ಮುಖವನ್ನು ಕ್ಯಾಮೆರಾ ಕೊನೆಯ ಗಳಿಗೆ ಬರುವತನಕ ತೋರಿಸದೆ, ಅಲ್ಲಿಯವರೆಗೆ ಬೆನ್ನು ಮತ್ತು ನಡಿಗೆಗಳಿಂದಲೇ ಕಥೆ ನಡೆಸುತ್ತದೆ.