ಶ್ರೀಲಂಕಾ: ಮಳೆ ನೋಡಿ ಹೂಡುವ ಪ್ರವಾಸ

ಪಾಕ್ ಜಲಸಂಧಿಯ ಆಚೆಗಿರುವ ಶ್ರೀಲಂಕಾ ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೇ ಒಂದರಷ್ಟು. ಇಷ್ಟು ಚಿಕ್ಕ ದ್ವೀಪದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ರಾಜಧಾನಿಗಳ ಅವಶೇಷಗಳಿವೆ, ಇಂದಿಗೂ ಪೂಜೆ ನಿಲ್ಲದ ದೇಗುಲಗಳಿವೆ, ಚಹಾ ತೋಟಗಳ ಬೆಟ್ಟಸಾಲಿದೆ, ಸುತ್ತಲೂ ಕಡಲಿದೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಮಧುಚಂದ್ರಕ್ಕೆಂದೋ ಮದುವೆಯ ವಾರ್ಷಿಕೋತ್ಸವಕ್ಕೆಂದೋ ಕೈಬಿಚ್ಚಿ ಖರ್ಚು ಮಾಡಿ ಹೊರಡುವ ಜೋಡಿಗೆ ಹತ್ತು ಹನ್ನೆರಡು ದಿನಗಳಲ್ಲಿ ಇವೆಲ್ಲ ದಕ್ಕುತ್ತವೆ. ಆದರೆ ಇಲ್ಲಿ ಹೋಟೆಲು ಆರಿಸುವುದಕ್ಕೆ ಮೊದಲು ಮಳೆಯ ಲೆಕ್ಕ ಹಾಕಬೇಕು.

ದ್ವೀಪಕ್ಕೆ ಎರಡು ಮಳೆಗಾಲಗಳಿವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಕೊಲಂಬೊ, ಬೆಂತೋಟ, ಗಾಲೆಗಳ ಕಡೆಯ ತೀರವನ್ನೂ ನಡುವಿನ ಬೆಟ್ಟಗಳ ಪಶ್ಚಿಮ ಮಗ್ಗುಲನ್ನೂ ತೋಯಿಸುತ್ತದೆ. ಬೆಟ್ಟಗಳು ಆ ಮೋಡಗಳನ್ನು ತಡೆಯುವುದರಿಂದ ಉತ್ತರ ಮತ್ತು ಪೂರ್ವದ ಬಯಲು ಆಗ ಒಣಗಿರುತ್ತದೆ. ಅಲ್ಲಿಗೆ ಮಳೆ ಬರುವುದು ಅಕ್ಟೋಬರ್‌ನಿಂದ ಜನವರಿಯವರೆಗೆ. ಹೀಗಾಗಿ ಒಂದು ತೀರದಲ್ಲಿ ಕಡಲು ಉಕ್ಕುವಾಗ ಇನ್ನೊಂದು ತೀರದಲ್ಲಿ ಈಜಬಹುದು. ಜನವರಿಯಿಂದ ಏಪ್ರಿಲ್‌ವರೆಗೆ ಹೋಗುವವರಿಗೆ ದಕ್ಷಿಣ ತೀರ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹೋಗುವವರಿಗೆ ಪೂರ್ವದ ತ್ರಿಂಕೋಮಲಿ ಮತ್ತು ಪಾಸಿಕುಡ. ಪ್ರಾಚೀನ ನಗರಗಳು ಒಣ ಬಯಲಿನಲ್ಲಿರುವುದರಿಂದ ಎರಡೂ ಯೋಜನೆಗೆ ಹೊಂದಿಕೊಳ್ಳುತ್ತವೆ.

ಆ ನಗರಗಳು ಹುಟ್ಟಿದ್ದೂ ಇದೇ ಮಳೆಯ ಲೆಕ್ಕದಿಂದ. ವರ್ಷದಲ್ಲಿ ಕೆಲವೇ ತಿಂಗಳು ಸುರಿಯುವ ನೀರನ್ನು ಹಿಡಿದಿಡದೆ ಒಣ ಬಯಲಿನಲ್ಲಿ ಭತ್ತ ಬೆಳೆಯುವಂತಿರಲಿಲ್ಲ. ಸಿಂಹಳದ ಅರಸರು ಏರಿ ಕಟ್ಟಿ, ತೂಬು ಇಟ್ಟು, ಕಾಲುವೆ ತೋಡಿ ಕೆರೆಗಳ ಸರಣಿಯನ್ನೇ ನಿರ್ಮಿಸಿದರು. ಕೆರೆಯಿಂದ ಭತ್ತ, ಭತ್ತದಿಂದ ಅರಮನೆ, ವಿಹಾರ, ಸ್ತೂಪ. ಅನುರಾಧಪುರ, ಪೊಲೊನ್ನರುವ, ಕ್ಯಾಂಡಿ ಎಂಬ ಮೂರು ರಾಜಧಾನಿಗಳನ್ನು ಗೆರೆಯೆಳೆದು ಸೇರಿಸಿದರೆ ಮೂಡುವ ಆಕೃತಿಯನ್ನು ಸಾಂಸ್ಕೃತಿಕ ತ್ರಿಕೋನ ಎನ್ನುತ್ತಾರೆ. ಸೀಗಿರಿಯ ಮತ್ತು ದಂಬುಲ್ಲ ಅದರೊಳಗೆ ಬರುತ್ತವೆ. ಈ ಐದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಅನುರಾಧಪುರ ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಮಗಳು ಸಂಘಮಿತ್ತೆ ಬೋಧಗಯೆಯ ಅರಳಿಯ ಟೊಂಗೆಯನ್ನು ತಂದು ನೆಡಿಸಿದಳೆಂಬುದು ಬೌದ್ಧ ಪರಂಪರೆ. ಜಯ ಶ್ರೀ ಮಹಾಬೋಧಿ ಎಂಬ ಆ ಮರಕ್ಕೆ ಇಂದಿಗೂ ಬಿಳಿಯುಟ್ಟ ಭಕ್ತರು ತಾವರೆ ಹಿಡಿದು ಬರುತ್ತಾರೆ. ಕ್ರಿ.ಶ. 3ನೇ ಶತಮಾನದ ಅರಸ ಮಹಾಸೇನ ಆರಂಭಿಸಿದ ಜೇತವನಾರಾಮ ಸ್ತೂಪ ಪೂರ್ಣಗೊಂಡಾಗ ಸುಮಾರು 122 ಮೀಟರ್ ಎತ್ತರವಿತ್ತು. ಇಟ್ಟಿಗೆಯಲ್ಲೇ ಎದ್ದ ಈ ಕಟ್ಟಡಕ್ಕಿಂತ ಎತ್ತರದವು ಆಗಿನ ಜಗತ್ತಿನಲ್ಲಿ ಗೀಜಾದ ಎರಡು ದೊಡ್ಡ ಪಿರಮಿಡ್‌ಗಳು ಮಾತ್ರ. ವಿಹಾರಗಳ ಹೊಸ್ತಿಲಲ್ಲಿರುವ ಅರ್ಧಚಂದ್ರಾಕಾರದ ಕಲ್ಲುಗಳಲ್ಲಿ ಆನೆ, ಕುದುರೆ, ಸಿಂಹ, ಎತ್ತು, ಹಂಸಗಳ ಸಾಲುಗಳಿವೆ. ಜೋಡಿ ಕೊಳವಾದ ಕುಟ್ಟಂ ಪೊಕುಣ ಭಿಕ್ಷುಗಳ ಸ್ನಾನಕ್ಕೆಂದು ಕಟ್ಟಿದ್ದು. ಊರು ಬಹಳ ಹರಡಿಕೊಂಡಿದೆ. ಬಾಡಿಗೆ ಸೈಕಲ್ಲಿನಲ್ಲಿ ಕೆರೆ ಏರಿಗಳ ಮೇಲೆ ಸುತ್ತುವುದು ಇಲ್ಲಿ ರೂಢಿ.

ಸೀಗಿರಿಯ ಒಬ್ಬನೇ ಅರಸನ ಸೃಷ್ಟಿ. 5ನೇ ಶತಮಾನದಲ್ಲಿ ತಂದೆ ಧಾತುಸೇನನನ್ನು ಕೊಲ್ಲಿಸಿ ಪಟ್ಟವೇರಿದ ಕಶ್ಯಪ, ಭಾರತಕ್ಕೆ ಓಡಿಹೋಗಿದ್ದ ತಮ್ಮ ಮೊಗ್ಗಲ್ಲಾನನ ಭಯದಲ್ಲಿ ಸುಮಾರು 180 ಮೀಟರ್ ಎತ್ತರದ ಹೆಬ್ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿಕೊಂಡ. ಬುಡದಲ್ಲಿ ಅಳತೆ ತಪ್ಪದ ಜಲೋದ್ಯಾನವಿದೆ. ಇಳಿಜಾರಿನ ಒತ್ತಡದಿಂದ ಚಿಮ್ಮುವ ಅದರ ಕಾರಂಜಿಗಳು ಮಳೆಗಾಲದಲ್ಲಿ ಈಗಲೂ ನೀರು ಹಾರಿಸುತ್ತವೆ. ಬಂಡೆಯ ನಡುಮಟ್ಟದ ಪೊಟರೆಯಲ್ಲಿ ಹೂ ಹಿಡಿದ ಸುಂದರಿಯರ ವರ್ಣಚಿತ್ರಗಳಿವೆ. ಅವುಗಳ ಫೋಟೊ ತೆಗೆಯುವಂತಿಲ್ಲ. ಪಕ್ಕದ ಕನ್ನಡಿ ಗೋಡೆಯ ನುಣುಪು ಗಾರೆಯ ಮೇಲೆ, ಕಶ್ಯಪ ಅಳಿದ ಶತಮಾನಗಳ ನಂತರ ಬಂದ ಪ್ರವಾಸಿಗಳು ಆ ಚೆಲುವೆಯರನ್ನು ಕುರಿತು ಪದ್ಯ ಗೀರಿದ್ದಾರೆ. ಮೋಹ, ವಿರಹ, ಕೊಂಕು, ಎಲ್ಲವೂ ಅವುಗಳಲ್ಲಿವೆ. ಹೆಂಗಸರು ಬರೆದವೂ ಇವೆ. ಪುರಾತತ್ವಜ್ಞ ಸೆನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಸಿಂಹದ ಎರಡು ಬೃಹತ್ ಪಾದಗಳ ನಡುವಿನ ಮೆಟ್ಟಿಲೇರಿದರೆ ನೆತ್ತಿ. ಬಿಸಿಲೇರುವ ಮೊದಲೇ ಹತ್ತಿ ಇಳಿಯುವುದು ಸುಖ. ಸಂಜೆಗೆ ಎದುರಿನ ಪಿದುರಂಗಲ ಬಂಡೆಯಿಂದ ಸೀಗಿರಿಯವನ್ನು ಇಡಿಯಾಗಿ ನೋಡಬಹುದು.

ಚೋಳರು 10ನೇ ಶತಮಾನದ ಕೊನೆಯಲ್ಲಿ ಅನುರಾಧಪುರವನ್ನು ಗೆದ್ದ ಮೇಲೆ ಆಡಳಿತ ಪೊಲೊನ್ನರುವಕ್ಕೆ ಸರಿಯಿತು. ಅವರ ಕಾಲದ ಶಿವಾಲಯ ಅಲ್ಲಿ ನಿಂತಿದೆ. ವಿಜಯಬಾಹು 1070ರಲ್ಲಿ ಚೋಳರನ್ನು ಹೊರದೂಡಿದ. 12ನೇ ಶತಮಾನದ ಪರಾಕ್ರಮಬಾಹು ಮಳೆನೀರು ಸುಮ್ಮನೆ ಕಡಲು ಸೇರಬಾರದೆಂಬ ಹಟದಿಂದ ಪರಾಕ್ರಮ ಸಮುದ್ರ ಎಂಬ ಮಹಾಕೆರೆಯನ್ನು ಕಟ್ಟಿಸಿದ. ಅವನ ಕಾಲದ್ದೇ ಗಲ್ ವಿಹಾರ: ಒಂದೇ ಬಂಡೆಯ ಮೈಯಲ್ಲಿ ಬುದ್ಧನ ನಾಲ್ಕು ವಿಗ್ರಹಗಳು, ಅವುಗಳಲ್ಲಿ ಮಲಗಿದ ಬುದ್ಧನ ಉದ್ದವೇ ಸುಮಾರು 14 ಮೀಟರ್. ಸಮೀಪದ ಮಿನ್ನೇರಿಯ ಕೆರೆಯೂ ಮಹಾಸೇನನದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೀರು ಇಳಿದು ಹಸುರು ಹುಲ್ಲು ಚಿಗುರಿದಾಗ ಕಾಡಾನೆಗಳು ಅಲ್ಲಿ ನೂರಾರು ಸಂಖ್ಯೆಯಲ್ಲಿ ನೆರೆಯುತ್ತವೆ.

ಈ ಮೂರೂ ಊರುಗಳಿಗೆ ದಂಬುಲ್ಲ–ಸೀಗಿರಿಯದ ನಡುವೆ ಎಲ್ಲಾದರೂ ಮೂರು ರಾತ್ರಿ ತಂಗಿ ಹೋಗಿಬರುವುದು ಅನುಕೂಲ. ಅಲ್ಲಿಯ ಐಷಾರಾಮಿ ವಸತಿಗಳಲ್ಲಿ ಪ್ರಸಿದ್ಧವಾದದ್ದು ವಾಸ್ತುಶಿಲ್ಪಿ ಜೆಫ್ರಿ ಬಾವಾ ವಿನ್ಯಾಸದ ಕಂದಲಮ ಹೋಟೆಲ್. ಬಂಡೆಯ ಮೈಗೆ ಅಂಟಿಕೊಂಡಂತೆ ಕಟ್ಟಿ ಬಳ್ಳಿ ಹಬ್ಬಿಸಿದ ಈ ಕಟ್ಟಡ ದೂರಕ್ಕೆ ಕಾಡಿನಲ್ಲಿ ಕರಗಿಹೋಗುತ್ತದೆ. ಕೋಣೆಗಳ ಮುಂದೆ ಕಂದಲಮ ಕೆರೆ. ದಂಬುಲ್ಲದ ಐದು ಗುಹೆಗಳ ಬುದ್ಧ ವಿಗ್ರಹಗಳಿಗೂ ಚಾವಣಿ ತುಂಬಿದ ಚಿತ್ರಗಳಿಗೂ ಅಲ್ಲಿಂದ ಸ್ವಲ್ಪವೇ ದೂರ.

ಕ್ಯಾಂಡಿಯಲ್ಲಿ ಕಾಣುವುದು ಹಾಳೂರಲ್ಲ, ಜೀವಂತ ಸಂಸ್ಕೃತಿ. ಬುದ್ಧನದೆಂದು ನಂಬುವ ದಂತಧಾತು ದಳದಾ ಮಾಳಿಗಾವ ಮಂದಿರದಲ್ಲಿದೆ. ಕಳಿಂಗದ ರಾಜಕುಮಾರಿ ಹೇಮಮಾಲೆ ಅದನ್ನು ತುರುಬಿನಲ್ಲಿ ಅಡಗಿಸಿಕೊಂಡು, ಗಂಡ ದಂತಕುಮಾರನೊಡನೆ ಮಾರುವೇಷದಲ್ಲಿ ಕಡಲು ದಾಟಿ ತಂದಳೆಂಬ ಕಥೆಯಿದೆ. ದಿನಕ್ಕೆ ಮೂರು ಹೊತ್ತು ಡೋಲಿನ ಸದ್ದಿನೊಡನೆ ಪೂಜೆ ನಡೆಯುತ್ತದೆ. ಜುಲೈ ಅಥವಾ ಆಗಸ್ಟ್‌ನ ಎಸಳ ಪೆರಹೆರದ ರಾತ್ರಿಗಳಲ್ಲಿ ಸಿಂಗರಿಸಿದ ಆನೆಗಳು, ಪಂಜುಗಳು, ಕ್ಯಾಂಡಿ ಶೈಲಿಯ ನರ್ತಕರು ಬೀದಿ ತುಂಬುತ್ತಾರೆ. ಆಗ ಕೋಣೆಗಳನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಮಂದಿರದ ಮುಂದಿನ ಕೆರೆ ಕಟ್ಟಿಸಿದವನು ಇಲ್ಲಿಯ ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ. ದಕ್ಷಿಣ ಭಾರತ ಮೂಲದ ನಾಯಕ್ಕರ್ ವಂಶದ ಅವನನ್ನು ಬ್ರಿಟಿಷರು 1815ರಲ್ಲಿ ಸೆರೆಹಿಡಿದು ವೆಲ್ಲೂರಿಗೆ ಸಾಗಿಸಿದರು.

ಕ್ಯಾಂಡಿಯಿಂದ ಬೆಟ್ಟ ಏರುವ ರೈಲು ನಾನುಓಯ, ಹಪುತಳೆಗಳ ಮೂಲಕ ‘ಎಲ್ಲಾ’ ಎಂಬ ಹೆಸರಿನ ಊರಿನತ್ತ ಸಾಗುತ್ತದೆ. ಕಿಟಕಿಯಾಚೆ ಚಹಾ ತೋಟ, ಜಲಪಾತ, ಮಂಜು. ಭಾರಿ ಮಳೆಯಲ್ಲಿ ಗುಡ್ಡ ಕುಸಿದು ಹಳಿ ಮುಚ್ಚುವುದುಂಟು, ಆದ್ದರಿಂದ ಹೊರಡುವ ಮೊದಲು ವಿಚಾರಿಸುವುದು ಒಳ್ಳೆಯದು. ಸ್ಕಾಟ್ಲೆಂಡಿನ ಜೇಮ್ಸ್ ಟೇಲರ್ 1867ರಲ್ಲಿ ಲೂಲ್‌ಕಂದುರ ತೋಟದಲ್ಲಿ ಚಹಾ ಬೆಳೆಯಲು ತೊಡಗಿದ. ಮುಂದೆ ಎಲೆ ರೋಗ ಕಾಫಿಯನ್ನು ನಾಶಮಾಡಿದಾಗ ದ್ವೀಪ ಚಹಾಕ್ಕೆ ಹೊರಳಿತು. ತಮಿಳುನಾಡಿನಿಂದ ಬಂದ ಕೂಲಿಗಳು ಈ ತೋಟಗಳನ್ನು ಬೆಳೆಸಿದರು. ಹ್ಯಾಟನ್ ಬಳಿಯ ಕ್ಯಾಸಲ್ರೀ ಜಲಾಶಯದ ಸುತ್ತ ಹಳೆಯ ದೊರೆಗಳ ಬಂಗಲೆಗಳು ಈಗ ಅತಿಥಿಗೃಹಗಳಾಗಿವೆ. ಬೆರಳೆಣಿಕೆಯ ಕೋಣೆಗಳು, ಅಡುಗೆಯವರ ಆರೈಕೆ, ಎದುರಿಗೆ ನೀರು. ಏಕಾಂತ ಬಯಸುವ ಜೋಡಿ ಇಲ್ಲಿ ಎರಡು ರಾತ್ರಿ ಇದ್ದರೆ ನಷ್ಟವಿಲ್ಲ.

ಬೆಟ್ಟ ಇಳಿದರೆ ದಕ್ಷಿಣ ತೀರ. ಗಾಲೆಯ ಕೋಟೆಯನ್ನು ಪೋರ್ಚುಗೀಸರು ಆರಂಭಿಸಿದರು, 1640ರಲ್ಲಿ ಗೆದ್ದ ಡಚ್ಚರು ಬಲಪಡಿಸಿದರು. 2004ರ ಸುನಾಮಿ ಹೊಸ ಪಟ್ಟಣವನ್ನು ಧ್ವಂಸ ಮಾಡಿದಾಗ ಒಳಗಿನ ಊರನ್ನು ಕಾಪಾಡಿದ್ದು ಈ ಗೋಡೆಗಳೇ. ಒಳಗೆ 1755ರ ಡಚ್ ಚರ್ಚು, ಮಸೀದಿ, ದೀಪಸ್ತಂಭ, ಹಂಚಿನ ಮನೆಗಳ ಓಣಿಗಳಿವೆ; ಹಲವು ಹಳೆಯ ಮನೆಗಳು ಈಗ ಚಿಕ್ಕ ಹೋಟೆಲುಗಳು. ಸಂಜೆ ಊರವರೆಲ್ಲ ಕೋಟೆಗೋಡೆಯ ಮೇಲೆ ಅಡ್ಡಾಡುತ್ತಾರೆ. ಪಶ್ಚಿಮಕ್ಕೆ ಬೆಂತೋಟದ ಬಳಿ ಬಾವಾ ತನಗಾಗಿ ರೂಪಿಸಿಕೊಂಡ ಲುನುಗಂಗ ತೋಟದಲ್ಲಿ ಈಗ ತಂಗಬಹುದು. ಪೂರ್ವಕ್ಕೆ ವೆಲಿಗಾಮ, ಮಿರಿಸ್ಸ, ತಂಗಾಲೆಗಳ ತೀರಗಳಿವೆ. ಮಿರಿಸ್ಸದಿಂದ ಡಿಸೆಂಬರ್–ಏಪ್ರಿಲ್ ನಡುವೆ ನೀಲಿ ತಿಮಿಂಗಿಲ ನೋಡಲು ದೋಣಿಗಳು ಹೊರಡುತ್ತವೆ. ಜನಜಂಗುಳಿ ಬೇಡದವರಿಗೆ ತಂಗಾಲೆ ಮೇಲು.

ಮುಂಗಾರಿನ ತಿಂಗಳುಗಳಲ್ಲಾದರೆ ದಾರಿ ತಿರುವುಮುರುವಾಗುತ್ತದೆ. ಮೊದಲು ಕ್ಯಾಂಡಿ, ಆಮೇಲೆ ಪ್ರಾಚೀನ ನಗರಗಳು, ಕೊನೆಗೆ ಸೀಗಿರಿಯದಿಂದ ಸುಮಾರು ಎರಡು ಗಂಟೆಯ ದೂರದ ತ್ರಿಂಕೋಮಲಿ. ಅಲ್ಲಿ ನಿಲಾವೆಳಿಯ ಮರಳು, ಪಾರಿವಾಳ ದ್ವೀಪದ ಹವಳ, ಕಡಿದಾದ ಕಡಲಬಂಡೆಯ ಮೇಲಿನ ಕೋಣೇಶ್ವರ ದೇವಾಲಯ. 17ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ ಈ ಗುಡಿ 20ನೇ ಶತಮಾನದಲ್ಲಿ ಮತ್ತೆ ಎದ್ದಿತು.

ದಿನಗಳ ಹಂಚಿಕೆ ಹೀಗಿರಬಹುದು: ಪ್ರಾಚೀನ ನಗರಗಳಿಗೆ ಮೂರು ರಾತ್ರಿ, ಕ್ಯಾಂಡಿಗೆ ಎರಡು, ಚಹಾ ಬೆಟ್ಟಕ್ಕೆ ಎರಡು, ಕಡಲಿಗೆ ನಾಲ್ಕು. ಚಾಲಕನೊಡನೆ ಕಾರು ಗೊತ್ತುಮಾಡುವುದು ಸಾಮಾನ್ಯ ಪದ್ಧತಿ. ರಸ್ತೆಗಳು ಕಿರಿದಾಗಿರುವುದರಿಂದ ನೂರು ಕಿಲೋಮೀಟರಿಗೆ ಎರಡೂವರೆ ಮೂರು ಗಂಟೆ ಹಿಡಿಯಬಹುದು. ಭಾರತೀಯರು ಹೊರಡುವ ಮೊದಲೇ ಆನ್‌ಲೈನ್ ಪ್ರವೇಶಾನುಮತಿಯ ನಿಯಮ ನೋಡಿಕೊಳ್ಳಬೇಕು. ದೇಗುಲಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು, ಚಪ್ಪಲಿ ಹೊರಗೆ ಬಿಡಬೇಕು. ಬುದ್ಧ ವಿಗ್ರಹಕ್ಕೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ಅಗೌರವವೆಂದು ಎಣಿಸುತ್ತಾರೆ. ಪ್ರತಿ ಹುಣ್ಣಿಮೆ ಪೋಯ ದಿನ. ಸರ್ಕಾರಿ ರಜೆ, ಮದ್ಯ ಮಾರುವಂತಿಲ್ಲ.

ಊಟದ ಚಿಂತೆ ಕನ್ನಡಿಗರಿಗೆ ಅಷ್ಟಾಗಿ ಇಲ್ಲ. ಅಪ್ಪ, ಶ್ಯಾವಿಗೆಯಂಥ ಇಡಿಯಪ್ಪ, ಕಾಯಿತುರಿಯ ಪೊಲ್ ಸಂಬೋಲ, ತೆಂಗಿನಹಾಲಿನ ಬೇಳೆ ಸಾರು ಎಲ್ಲೆಡೆ ಸಿಗುತ್ತವೆ. ಸಸ್ಯಾಹಾರಿಗಳು ಪೊಲ್ ಸಂಬೋಲಕ್ಕೆ ಒಣಮೀನು ಬೆರೆಸಿಲ್ಲವೆಂದು ಕೇಳಿಕೊಂಡರೆ ಸಾಕು. ಎಮ್ಮೆ ಮೊಸರಿನ ಮೇಲೆ ಸುರಿಯುವ ಕಿತುಲ್ ಪಾಕ ಬರುವುದು ಮಲೆನಾಡಿನವರ ಬೈನೆ ಮರದಿಂದಲೇ.