ಸಿಂಗಪುರದ ದ್ವೀಪಗಳಿಗೆ ದೋಣಿದಾರಿ

(ಉಪನ್ಯಾಸದ ಪಠ್ಯ)



ಸಿಂಗಪುರವೆಂದೊಡನೆ ಗಗನಚುಂಬಿ ಕಟ್ಟಡಗಳೂ ಕಸವಿಲ್ಲದ ಬೀದಿಗಳೂ ಕಣ್ಣಮುಂದೆ ಬರುತ್ತವೆ. ಸಮಭಾಜಕ ವೃತ್ತಕ್ಕೆ ತೀರ ಸಮೀಪದಲ್ಲಿರುವ ಆ ನಗರ ಸ್ವತಃ ಒಂದು ದ್ವೀಪವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅದರ ಸುತ್ತ ಹತ್ತಾರು ಪುಟ್ಟ ದ್ವೀಪಗಳಿವೆ. ನಗರದ ಬಾಳುವೆಯ ಬಹುಪಾಲು ಭಾರವನ್ನು ಆ ದ್ವೀಪಗಳೂ ಅವುಗಳ ನಡುವಣ ಕಡಲೂ ಹೊತ್ತಿವೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಅದನ್ನು ಅರಿಯಲು ಇರುವ ಅತ್ಯಂತ ಸುಲಭ ಸಾಧನ ಅಲ್ಲಿನ ದೋಣಿ.

ಹಿಂದೆ ದಕ್ಷಿಣದ ದ್ವೀಪಗಳಿಗೆ ಹೋಗುವ ದೋಣಿಗಳು ನಗರದ ನಡುವಿನ ಕ್ಲಿಫರ್ಡ್ ಧಕ್ಕೆಯಿಂದ ಹೊರಡುತ್ತಿದ್ದವು. 1933ರಲ್ಲಿ ತೆರೆದ ಆ ಧಕ್ಕೆ 2006ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದರ ಮುಂದಿನ ಕಡಲತೋಳಿಗೆ ಅಣೆಕಟ್ಟು ಕಟ್ಟಿ ಸಿಹಿನೀರಿನ ಜಲಾಶಯವನ್ನಾಗಿ ಮಾಡುವ ಯೋಜನೆ ಆಗ ನಡೆದಿತ್ತು. ಈಗ ಮರೀನಾ ಸೌತ್ ಧಕ್ಕೆಯಿಂದ ದೋಣಿಗಳು ಹೊರಡುತ್ತವೆ. 2014ರಿಂದ ನಗರದ ರೈಲು ಆ ಧಕ್ಕೆಯ ಬಾಗಿಲವರೆಗೆ ಬರುತ್ತದೆ. ರೈಲಿನಿಂದ ಇಳಿದವನು ಚೀಟಿ ಪಡೆದು ದೋಣಿ ಏರಿದರೆ, ಸುಮಾರು ಅರ್ಧ ಗಂಟೆಯಲ್ಲಿ ಸೇಂಟ್ ಜಾನ್ಸ್ ದ್ವೀಪದಲ್ಲಿರುತ್ತಾನೆ. ದಾರಿಯುದ್ದಕ್ಕೂ ಲಂಗರು ಹಾಕಿ ನಿಂತ ಸರಕುಹಡಗುಗಳ ಸಾಲು. ಜಗತ್ತಿನ ಅತ್ಯಂತ ದಟ್ಟಣೆಯ ಹಡಗುದಾರಿಗಳಲ್ಲಿ ಅದೂ ಒಂದು.

ಸೇಂಟ್ ಜಾನ್ಸ್ ದ್ವೀಪ ಇಂದು ವಿಹಾರದ ತಾಣ. ಆದರೆ 1874ರಿಂದ ಅದು ರೋಗಶಂಕಿತರನ್ನು ಪ್ರತ್ಯೇಕವಾಗಿ ಇರಿಸುವ ಸ್ಥಳವಾಗಿತ್ತು. ಅದರ ಹಿಂದಿನ ವರ್ಷ ನಗರದಲ್ಲಿ ಕಾಲರಾ ಹಬ್ಬಿತ್ತು. ಚೀನಾ, ಭಾರತಗಳಿಂದ ಕೂಲಿಗಾಗಿ ಬಂದವರನ್ನೂ ಹಜ್ ಯಾತ್ರೆಯಿಂದ ಮರಳಿದವರನ್ನೂ ಅಲ್ಲಿ ತಡೆದು, ಆಮೇಲೆ ನಗರದೊಳಕ್ಕೆ ಬಿಡಲಾಗುತ್ತಿತ್ತು. 1948ರ ನಂತರ ರಾಜಕೀಯ ಬಂದಿಗಳನ್ನೂ, ಮುಂದೆ 1975ರವರೆಗೆ ಮಾದಕ ವ್ಯಸನಿಗಳನ್ನೂ ಅಲ್ಲಿಯೇ ಇಡಲಾಯಿತು. ನಗರಕ್ಕೆ ಬೇಡವಾದವರನ್ನು ನೀರಿನಾಚೆ ಇರಿಸುವುದು ಹೀಗೆ ನೂರು ವರ್ಷಗಳ ರೂಢಿಯಾಯಿತು. ಪಕ್ಕದ ಕುಸು ದ್ವೀಪದ ಕಥೆ ಬೇರೆ. ಹಡಗೊಡೆದು ಮುಳುಗುತ್ತಿದ್ದ ಒಬ್ಬ ಮಲಯನನ್ನೂ ಒಬ್ಬ ಚೀನಿಯನನ್ನೂ ಉಳಿಸಲು ಆಮೆಯೊಂದು ತಾನೇ ದ್ವೀಪವಾಯಿತೆಂಬುದು ಅಲ್ಲಿನ ಐತಿಹ್ಯ. ಆದ್ದರಿಂದಲೇ ದಿಣ್ಣೆಯ ಮೇಲೆ ಮಲಯ ಸಂತರ ಸಮಾಧಿಗಳೂ ಕೆಳಗೆ 1923ರಲ್ಲಿ ಕಟ್ಟಿದ ಚೀನೀ ಗುಡಿಯೂ ಇವೆ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳಿನಲ್ಲಿ ಜಾತ್ರೆಗೆಂದು ದೋಣಿಗಳು ತುಂಬಿ ಸಾಗುತ್ತವೆ. ಒಂದೂಕಾಲು ಹೆಕ್ಟೇರಿನಷ್ಟೂ ಇರದಿದ್ದ ಆ ಬಂಡೆಯನ್ನು 1975ರಲ್ಲಿ ಮಣ್ಣು ತುಂಬಿ 8.5 ಹೆಕ್ಟೇರಿಗೆ ಹಿಗ್ಗಿಸಲಾಗಿದೆ.

ಸಾಮಾನ್ಯ ಪ್ರವಾಸಿಗರ ದೋಣಿ ಮುಟ್ಟದ ದ್ವೀಪವೊಂದಿದೆ. ಅದರ ಹೆಸರು ಸೆಮಕಾವು. ನಗರದ ಕಸವನ್ನು ಮೊದಲು ಸುಡಲಾಗುತ್ತದೆ. ಉಳಿದ ಬೂದಿಯನ್ನೂ ಸುಡಲಾಗದ ತ್ಯಾಜ್ಯವನ್ನೂ ಬಾರ್ಜುಗಳಲ್ಲಿ ತುಂಬಿ ಈ ದ್ವೀಪಕ್ಕೆ ಸಾಗಿಸಲಾಗುತ್ತದೆ. ಸೆಮಕಾವು ಮತ್ತು ಸಕೆಂಗ್ ಎಂಬ ಎರಡು ದ್ವೀಪಗಳನ್ನು ಒಳಗೊಳ್ಳುವಂತೆ ಕಡಲಿನಲ್ಲಿ 7 ಕಿಲೋಮೀಟರ್ ಉದ್ದದ ಕಟ್ಟೆ ಕಟ್ಟಿ, ಸುಮಾರು 350 ಹೆಕ್ಟೇರಿನ ಕಸದ ಅಂಗಳವನ್ನು 1999ರಲ್ಲಿ ಆರಂಭಿಸಲಾಯಿತು. ವಿಷ ಸೋರದಂತೆ ಕಟ್ಟೆಗೆ ಪೊರೆಯನ್ನೂ ಜೇಡಿಮಣ್ಣನ್ನೂ ಹೊದಿಸಿದ್ದಾರೆ. ನಾಶವಾದ ಕಾಂಡ್ಲಾ ಕಾಡಿಗೆ ಬದಲಾಗಿ ಹೊಸ ಗಿಡಗಳನ್ನು ನೆಟ್ಟಿದ್ದಾರೆ. ಕಸದ ನಿರ್ವಹಣೆಯಲ್ಲಿ ಇದು ಶಿಸ್ತಿನ ಕೆಲಸವೆಂಬುದನ್ನು ಒಪ್ಪಲೇಬೇಕು. ಆದರೆ ಸಕೆಂಗ್‌ನಲ್ಲಿ ಮೀನು ಹಿಡಿದು ಬದುಕುತ್ತಿದ್ದ ಮಲಯ ಕುಟುಂಬಗಳನ್ನು ಅದಕ್ಕೂ ಮೊದಲೇ ಎಬ್ಬಿಸಿ ನಗರದ ವಸತಿ ಕಟ್ಟಡಗಳಿಗೆ ಕಳುಹಿಸಲಾಗಿತ್ತು. ಇಷ್ಟೆಲ್ಲ ಆದ ಮೇಲೂ 2035ರ ಸುಮಾರಿಗೆ ಅಂಗಳ ತುಂಬಿಹೋಗುವುದೆಂದು ಅಲ್ಲಿನ ಸರ್ಕಾರವೇ ಅಂದಾಜು ಮಾಡಿದೆ. ನಗರದ ಬೀದಿಯಲ್ಲಿ ಕಾಣದ ಕಸ ಇಲ್ಲದಾದ ಕಸವಲ್ಲ. ಅದು ದೋಣಿ ಏರಿದ ಕಸ.

ಕಸದಂತೆಯೇ ನೆಲದ ಲೆಕ್ಕವೂ. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ಸಿಂಗಪುರದ ವಿಸ್ತೀರ್ಣ ಈಗ 730ನ್ನು ದಾಟಿದೆ. ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿ ಜುರೊಂಗ್ ಎಂಬ ಒಂದೇ ದ್ವೀಪವನ್ನು ಮಾಡಿ, ಅಲ್ಲಿ ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳನ್ನು ನೆಲೆಗೊಳಿಸಲಾಗಿದೆ. ಹೊಸ ನೆಲಕ್ಕೆ ಬೇಕಾದ ಮರಳು ನೆರೆಯ ದೇಶಗಳಿಂದ ಬಂದಿತು. ಇಂಡೋನೇಷ್ಯ 2003ರಲ್ಲಿ ಕಡಲ ಮರಳಿನ ರಫ್ತನ್ನೂ 2007ರಲ್ಲಿ ನೆಲದ ಮರಳಿನ ರಫ್ತನ್ನೂ ನಿಷೇಧಿಸಿತು. ಕಾಂಬೋಡಿಯ 2017ರಲ್ಲಿ ಅದೇ ಹಾದಿ ಹಿಡಿಯಿತು. ಒಂದೆಡೆ ನೆಲ ಬೆಳೆಯಿತೆಂದರೆ ಇನ್ನೊಂದೆಡೆ ಯಾರದೋ ದಂಡೆ, ಯಾರದೋ ಹೊಳೆ ಕರಗಿತೆಂದೇ ಅರ್ಥ. ಸಿಂಗಪುರದ ಸ್ವಂತ ಕಡಲೂ ಬೆಲೆ ತೆತ್ತಿದೆ. ಅಲ್ಲಿ 250ಕ್ಕೂ ಹೆಚ್ಚು ಬಗೆಯ ಗಟ್ಟಿ ಹವಳಗಳು ದಾಖಲಾಗಿವೆ. ಆದರೆ ಹವಳದ ದಿಬ್ಬಗಳ ಬಹುಭಾಗ ಮಣ್ಣಿನಡಿ ಹೂತುಹೋಗಿದೆ.

ನಗರದ ಪೂರ್ವ ತುದಿಯ ಚಾಂಗಿ ಧಕ್ಕೆಯಿಂದ ಇನ್ನೊಂದು ದೋಣಿದಾರಿ ಇದೆ. ಅಲ್ಲಿಂದ ಮರದ ಪುಟ್ಟ ದೋಣಿಗಳು ಹತ್ತು ನಿಮಿಷದಲ್ಲಿ ಉಬಿನ್ ದ್ವೀಪವನ್ನು ಸೇರುತ್ತವೆ. ಅವಕ್ಕೆ ಹೊತ್ತುಗೊತ್ತಿನ ಪಟ್ಟಿಯಿಲ್ಲ. ಹನ್ನೆರಡು ಜನ ಕೂಡಿದರೆ ದೋಣಿ ಹೊರಡುತ್ತದೆ. ಉಬಿನ್ ಗ್ರಾನೈಟ್ ಕಲ್ಲಿನ ದ್ವೀಪ. ಹಾರ್ಸ್‌ಬರ್ಗ್ ದೀಪಸ್ತಂಭಕ್ಕೂ, ಸಿಂಗಪುರವನ್ನು ಮಲಯ ನಾಡಿಗೆ ಸೇರಿಸುವ ಕಡಲ ರಸ್ತೆಗೂ ಅಲ್ಲಿನ ಕಲ್ಲು ಹೋಗಿದೆ. 1999ರಲ್ಲಿ ಗಣಿಗಾರಿಕೆ ನಿಂತಿತು. ಗಣಿ ನಿಂತೊಡನೆ ಕೆಲಸವೂ ನಿಂತಿತು. ಸಾವಿರಾರು ಜನರಿದ್ದ ದ್ವೀಪದಲ್ಲಿ ಈಗ ಉಳಿದಿರುವವರು ಕೆಲವೇ ಹತ್ತು ಮಂದಿ. ಕಲ್ಲು ತೆಗೆದ ಹೊಂಡಗಳಲ್ಲಿ ನೀರು ನಿಂತು, ಕೊಕ್ಕರೆಗಳು ಗೂಡು ಕಟ್ಟಿವೆ.

ಈ ದ್ವೀಪದ ಪೂರ್ವ ಮೂಲೆಯಲ್ಲಿ ಚೆಕ್ ಜಾವ ಎಂಬ ದಂಡೆಯಿದೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಮರಳುದಿಣ್ಣೆ, ಕಡಲಹುಲ್ಲಿನ ಬಯಲು, ಹವಳದ ಚೂರುಗಳ ಹಾಸು, ಬಂಡೆಗಳು, ಕಾಂಡ್ಲಾ ಕಾಡು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. 2001ರ ಕೊನೆಗೆ ಅದನ್ನು ಮಣ್ಣಿನಿಂದ ಮುಚ್ಚುವ ಕೆಲಸ ಆರಂಭವಾಗಬೇಕಿತ್ತು. ಅಷ್ಟರಲ್ಲಿ ನಿಸರ್ಗಾಸಕ್ತರು ಆ ಜೀವರಾಶಿಯನ್ನು ಗುರುತಿಸಿದರು. ಸ್ವಯಂಸೇವಕರು ಇಳಿತದ ವೇಳೆ ನೋಡಿ ದೋಣಿ ಹತ್ತಿ ಹೋಗಿ, ಹಗ್ಗ ಹಿಡಿದು ದಂಡೆಯನ್ನು ಅಳೆದು, ಏಡಿ, ನಕ್ಷತ್ರಮೀನು, ಚಿಪ್ಪುಜೀವಿಗಳನ್ನು ಒಂದೊಂದಾಗಿ ಬರೆದುಕೊಂಡರು. ಜನ ಪತ್ರಿಕೆಗಳಿಗೆ ಬರೆದರು. ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಕೆಲಸವನ್ನು ತಡೆಹಿಡಿಯಿತು. 2007ರಲ್ಲಿ ಅಲ್ಲಿ ಮರದ ಕಾಲುದಾರಿ ತೆರೆಯಿತು. ಆದರೆ ಸರ್ಕಾರ ಅಂದು ಹೇಳಿದ್ದು ಯೋಜನೆಯನ್ನು ಮುಂದೂಡಲಾಗಿದೆ ಎಂದೇ ಹೊರತು ಕೈಬಿಡಲಾಗಿದೆ ಎಂದಲ್ಲ. ಉಳಿದದ್ದನ್ನು ಕಾಯುವ ಕೆಲಸ ಅಲ್ಲಿಯೂ ಮುಗಿದಿಲ್ಲ.

ಕಾಯುವುದೂ ಎಷ್ಟು ದುರ್ಬಲವೆಂಬುದನ್ನು 2024ರ ಜೂನ್ 14 ತೋರಿಸಿತು. ಅಂದು ಹೂಳೆತ್ತುವ ಹಡಗೊಂದು ಹಿಡಿತ ತಪ್ಪಿ, ನಿಂತಿದ್ದ ಇಂಧನದ ಹಡಗಿಗೆ ಬಡಿಯಿತು. ಸುಮಾರು 400 ಟನ್ ತೈಲ ಕಡಲಿಗೆ ಹರಿದು, ಸೇಂಟ್ ಜಾನ್ಸ್, ಲಾಜರಸ್, ಕುಸು ದ್ವೀಪಗಳ ದಂಡೆಗಳು ಕಪ್ಪಾದವು. 2014ರಲ್ಲಿ ಸಿಸ್ಟರ್ಸ್ ದ್ವೀಪಗಳ ಸುತ್ತ ಕಡಲ ಉದ್ಯಾನವನ್ನು ಘೋಷಿಸಿದ್ದ ದೇಶ ಅದು. ನಕ್ಷೆಯಲ್ಲಿ ಎಳೆದ ಗೆರೆಯನ್ನು ತೈಲ ಓದುವುದಿಲ್ಲ.

ಈ ದೂರದ ಕಡಲಿನ ಸಂಗತಿ ಮಲೆನಾಡಿನವರಿಗೆ ಹೊಸದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ರಾಜ್ಯಕ್ಕೆ ಬೆಳಕು ಕೊಟ್ಟಿತು. ತುಮರಿ ಸೀಮೆಯನ್ನು ದ್ವೀಪದಂತೆ ಮಾಡಿತು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಹೊಳೆಬಾಗಿಲಿನ ಲಾಂಚನ್ನು ಕಾದು ನಿಂತ ರೋಗಿಗೂ ಬಸುರಿಗೂ ಆ ಬೆಳಕಿನ ಬೆಲೆ ಗೊತ್ತಿತ್ತು. ಸಕೆಂಗ್‌ನ ಮೀನುಗಾರನಿಗೂ ಶರಾವತಿ ಕಣಿವೆಯ ಒಕ್ಕಲಿಗೂ ಒಂದೇ ಮಾತನ್ನು ಹೇಳಲಾಗಿತ್ತು: ಎಲ್ಲರ ಒಳಿತಿಗಾಗಿ ನೀವು ಏಳಬೇಕು.

ಆದ್ದರಿಂದ ವಿದ್ಯಾರ್ಥಿಗಳು ಚೆಕ್ ಜಾವದಿಂದ ಕಲಿಯಬೇಕಾದದ್ದು ಘೋಷಣೆಯನ್ನಲ್ಲ, ಲೆಕ್ಕವನ್ನು. ತಮ್ಮೂರಿನ ಹಳ್ಳದಲ್ಲಿ ಯಾವ ಮೀನಿದೆ, ಕಾನಿನಲ್ಲಿ ಯಾವ ಮರವಿದೆ, ಯಾವ ತಿಂಗಳಿನಲ್ಲಿ ಯಾವ ಒರತೆ ಬತ್ತುತ್ತದೆ ಎಂಬುದು ಬರಹದಲ್ಲಿ ಇರಬೇಕು. ಹಿರಿಯರು ಅದನ್ನು ಹೇಳಬೇಕು, ಕಿರಿಯರು ಬರೆದಿಡಬೇಕು. ಇಲ್ಲೇನೂ ಇಲ್ಲವೆಂದು ನಕ್ಷೆ ಹಿಡಿದು ಬರುವವರ ಮುಂದೆ ಇಡಲು ಆ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿಯಿಲ್ಲ.