ಮಾಡಿನ ಮೇಲಿನ ದುಡಿಮೆ



ಮರಗೆಲಸ ಮಾಡುವವನಿಗೆ ಬಡಗಿ ಎಂಬ ಹೆಸರಿದೆ. ಮಡಕೆ ಮಾಡುವವನು ಕುಂಬಾರ, ಕಬ್ಬಿಣ ಬಡಿಯುವವನು ಕಮ್ಮಾರ, ಕಲ್ಲು ಕಡೆಯುವವನು ಕಲ್ಲುಕುಟಿಗ. ಇವರೆಲ್ಲರೂ ದುಡಿದು ನಿಲ್ಲಿಸಿದ ಮನೆಯ ನೆತ್ತಿಗೇರಿ ಅದಕ್ಕೆ ಹಂಚು ಹೊದಿಸುವವನಿಗೆ ಮಾತ್ರ ನಮ್ಮ ಬರೆಹದ ಕನ್ನಡದಲ್ಲಿ ಹಾಗೊಂದು ನೆಲೆಯಾದ ಹೆಸರು ಕಾಣುವುದಿಲ್ಲ. ‘ಹಂಚಿನವನು’ ಎಂದರೆ ಮಾರುವವನೋ ಹೊದಿಸುವವನೋ ತಿಳಿಯದು. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನ್ನಂಥವನಿಗೆ ಈ ಕೊರತೆ ಸಣ್ಣದೆನಿಸುವುದಿಲ್ಲ.

ಇದಕ್ಕೆ ನನಗೆ ತೋರುವ ಕಾರಣವೊಂದುಂಟು. ಮಲೆನಾಡು ಕರಾವಳಿಗಳ ಸಾಮಾನ್ಯರ ಮನೆಗಳಿಗೆ ಹಿಂದೆ ಮುಳಿಹುಲ್ಲು, ಅಡಕೆಯ ಸೋಗೆ, ತೆಂಗಿನ ಮಡಲುಗಳೇ ಹೊದಿಕೆ. ಉಳ್ಳವರ ಮನೆಗೆ ಕುಂಬಾರರು ಸುಟ್ಟ ನಾಡಹಂಚು. ಹುಲ್ಲಿನ ಮಾಡನ್ನು ಮಳೆಗಾಲಕ್ಕೆ ಮುನ್ನ ಹೊಸತಾಗಿ ಹೊದಿಸಬೇಕಾಗುತ್ತಿತ್ತು. ನೆರೆಹೊರೆಯವರು ಮುಯ್ಯಾಳಾಗಿ ಬಂದು ಮುಗಿಸಿಕೊಡುತ್ತಿದ್ದರು. ಎಲ್ಲರೂ ಬಲ್ಲ ಕೆಲಸಕ್ಕೆ ಪ್ರತ್ಯೇಕ ಕಸುಬುದಾರನೇಕೆ? 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಗೃಹಸ್ಥ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಸಂಗತಿ ಬದಲಾಯಿತು. ಅಚ್ಚಿನಲ್ಲಿ ಒತ್ತಿದ, ಒಂದರ ಅಂಚು ಇನ್ನೊಂದರ ಗಾಡಿಗೆ ಕೂರುವ ಆ ಕೆಂಪು ಹಂಚು ಘಟ್ಟ ಹತ್ತಿತು, ಕಡಲು ದಾಟಿತು. ಅದರ ಜೊತೆಗೇ ಹೊಸದೊಂದು ಕಸುಬೂ ಹುಟ್ಟಿತು.

ನೋಡುವವರಿಗೆ ಅದು ಸುಲಭವಾದ ಕೆಲಸ. ತೊಲೆಯ ಮೇಲೆ ಪಕ್ಕಾಸು, ಪಕ್ಕಾಸಿನ ಮೇಲೆ ಅಡ್ಡಲಾಗಿ ರೀಪು. ಹಂಚಿನ ಬೆನ್ನ ಹಿಂದಿನ ಮೊಳೆಯಂಥ ಗುಬ್ಬಿಯನ್ನು ರೀಪಿಗೆ ಸಿಕ್ಕಿಸುತ್ತ ಹೋದರಾಯಿತು. ಆದರೆ ಸೂರಿನ ಅಂಚಿನ ಮೊದಲ ಸಾಲು ಬೆರಳಗಲ ಓರೆಯಾದರೆ ನೆತ್ತಿ ಮುಟ್ಟುವ ಹೊತ್ತಿಗೆ ಅದು ಗೇಣಗಲವಾಗಿರುತ್ತದೆ. ಇಳಿಜಾರು ಸಾಲದೆ ಹೋದರೆ ಬೀಸುವ ಮಳೆಯ ನೀರು ಹಿಮ್ಮುಖವಾಗಿ ಏರಿ ಒಳಗಿಳಿಯುತ್ತದೆ. ಎರಡೂ ಮಗ್ಗುಲಿಗೆ ಸಮವಾಗಿ ಭಾರ ಏರಿಸಬೇಕು. ನೂರು ಚದರಡಿಗೆ ಸುಮಾರು 140 ಹಂಚು. ಸಾವಿರ ಚದರಡಿಯ ಮಾಡೆಂದರೆ ಮೂರು ಟನ್ನಿಗೂ ಮಿಕ್ಕಿದ ಮಣ್ಣು. ಅಷ್ಟನ್ನೂ ಕೈಯಿಂದ ಕೈಗೆ ದಾಟಿಸಬೇಕು. ಬೆರಳ ಗೆಣ್ಣಿನಿಂದ ಬಡಿದಾಗ ಗಣಗಣ ಎಂದರೆ ಗಟ್ಟಿಹಂಚು, ಬೊದ್ದು ದನಿ ಬಂದರೆ ಬಿರುಕು.

ಹೊಸ ಮಾಡಿಗಿಂತ ಹಳೆಯದನ್ನು ಸರಿಪಡಿಸುವುದು ಕಷ್ಟ. ನಮ್ಮ ಕಡೆ ಇದಕ್ಕೆ ‘ಹಂಚು ಕೈಯಾಡಿಸುವುದು’ ಎನ್ನುತ್ತಾರೆ, ಚೆಲುವಾದ ಮಾತು. ಮನೆಯೊಳಗೆ ಹನಿ ಬೀಳುವ ಜಾಗವೇ ಬೇರೆ, ಹಂಚು ಒಡೆದ ಜಾಗವೇ ಬೇರೆ. ನೀರು ಪಕ್ಕಾಸಿನ ಗುಂಟ ಹರಿದು ಬಂದು ಎಲ್ಲೋ ತೊಟ್ಟಿಕ್ಕುತ್ತದೆ. ಪಾಚಿ ಹಿಡಿದ ಮಾಡಿನ ಮೇಲೆ, ಹಂಚಿನ ಎದೆಗೆ ಕಾಲಿಡದೆ, ರೀಪಿಗೆ ಆತುಕೊಂಡ ಕಡೆ ಮಾತ್ರ ಭಾರ ಹಾಕುತ್ತ ನಡೆಯುವವನ ಪಾದಕ್ಕೆ ಕಣ್ಣಿರಬೇಕು. ಗೆದ್ದಲು ತಿಂದ ರೀಪು ಹೊರಗಿನಿಂದ ಕಾಣುವುದಿಲ್ಲ. ಕೆಳಗಿರುವುದು ಅಂಗಳದ ಕಲ್ಲು.

ಜರ್ಮನಿಯಲ್ಲಿ ಮಾಡು ಹೊದಿಸುವುದು ಮೂರು ವರ್ಷ ಕಲಿಯಬೇಕಾದ ವಿದ್ಯೆ. ಕಲಿತವನಿಗೆ ಪರೀಕ್ಷೆ, ಪ್ರಮಾಣಪತ್ರ, ಮುಂದೆ ಗುರುವೆನಿಸಿಕೊಳ್ಳುವ ಇನ್ನೊಂದು ಪರೀಕ್ಷೆ. ಆ ನಾಡಿನವನು ನಮಗೆ ಹಂಚನ್ನು ಕೊಟ್ಟ. ಹೊದಿಸುವವನಿಗೆ ಅಲ್ಲಿರುವ ಮನ್ನಣೆ ಮಾತ್ರ ಹಡಗು ಹತ್ತಲಿಲ್ಲ. ಇಲ್ಲಿ ಅವನು ದಿನಗೂಲಿಯ ಆಳು, ಅಷ್ಟೆ. ಸುಗ್ಗಿ ಮುಗಿದಲ್ಲಿಂದ ಜೂನ್ ಮೊದಲ ವಾರದವರೆಗೆ ಅವನಿಗಾಗಿ ಮೂರು ಊರಿನವರು ಕಾಯುತ್ತಾರೆ. ಮಳೆ ಹಿಡಿದ ಮೇಲೆ ಕೇಳುವವರಿಲ್ಲ. ಈಚೆಗಂತೂ ಮಂಗಗಳ ಹಾವಳಿ ತಾಳಲಾರದೆ ಎಷ್ಟೋ ಜನ ಹಂಚು ಇಳಿಸಿ ತಗಡಿನ ಶೀಟು ಹೊದಿಸಿದ್ದಾರೆ. ತಗಡಿನ ಮೇಲೆ ಮಳೆ ಹೊಯ್ದರೆ ಮನೆಯಲ್ಲಿ ಮಾತೇ ಕೇಳಿಸದು. ಆದರೂ ಅವರನ್ನು ದೂರಲಾರೆ.

ನಮ್ಮ ಮನೆಯ ಮಾಡನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡು ಬಂದ ಒಬ್ಬರಿದ್ದಾರೆ. “ಮಗನಿಗೆ ಕೆಲಸ ಕಲಿಸಿದಿರಾ?” ಎಂದು ಒಮ್ಮೆ ಕೇಳಿದೆ. “ಕಲಿಸಿದೆ ಮೇಷ್ಟ್ರೆ, ನನಗಿಂತ ಚೆನ್ನಾಗಿ ಹತ್ತುತ್ತಾನೆ. ಆದರೆ ಮಾಡು ಹತ್ತುವವನಿಗೆ ಹೆಣ್ಣು ಕೊಡುವವರು ಬೇಕಲ್ಲ” ಎಂದರು. ಮಗ ಈಗ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿ ಕಾವಲಿಗಿದ್ದಾನೆ. ಕೂಲಿ ಇಲ್ಲಿಗಿಂತ ಕಡಿಮೆಯೇ. ಆದರೆ ತಿಂಗಳು ತಿಂಗಳಿಗೆ ಸರಿಯಾಗಿ ಬರುತ್ತದೆ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯಿದೆ ಒಳ್ಳೆಯದೇ. ಅದರಲ್ಲಿ ರಿಪೇರಿಯ ಕೆಲಸವೂ ಸೇರಿತ್ತು. ಆದರೆ ಕಲ್ಯಾಣ ಮಂಡಳಿಯ ಫಲಾನುಭವಿಯಾಗಿ ಹೆಸರು ನೋಂದಾಯಿಸಲು ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು ಎಂದು ಅದು ವಿಧಿಸಿತು. ದೊಡ್ಡ ಕಟ್ಟಡದಲ್ಲಿ ಒಬ್ಬನೇ ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಇದು ಭಾರವಲ್ಲ. ಇಲ್ಲಿ ಎರಡು ದಿನ, ಅಲ್ಲಿ ಅರ್ಧ ದಿನ ಮಾಡು ಹತ್ತುವವನ ತೊಂಬತ್ತು ದಿನಗಳನ್ನು ಲೆಕ್ಕ ಇಟ್ಟವರು ಯಾರು?

ಕೆಲವು ವರ್ಷಗಳ ಹಿಂದೆ, ಐವತ್ತೆಂಟು ದಾಟಿದ ಮೇಲೆ, ಅವರು ಒಂದು ಹಾಳೆ ಹಿಡಿದು ನಮ್ಮ ಜಗಲಿಗೆ ಬಂದರು. ನಮ್ಮಲ್ಲಿ ಆ ವರ್ಷ ನಡೆದದ್ದು ನಾಲ್ಕು ದಿನದ ಕೆಲಸ. ಅಷ್ಟನ್ನೇ ಬರೆದು, ತಾರೀಕು ಹಾಕಿ, ಸಹಿ ಮಾಡಿಕೊಟ್ಟೆ. ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, ಉಳಿದ ಎಂಬತ್ತಾರು ದಿನಗಳಿಗಾಗಿ ಅವರು ಮುಂದಿನ ಮನೆಗೆ ಹೋದರು.